ದಡ ಸೇರಿದ ಮೇಲೆ: ವಿಯೆಟ್ನಾಮಿ ವಲಸಿಗರ ಖಿನ್ನತೆಯನ್ನು ಕುರಿತ ಸಂವಾದ

1975ರ ನಂತರದ ಎರಡು ದಶಕಗಳಲ್ಲಿ ವಿಯೆಟ್ನಾಮನ್ನು ತೊರೆದ ಜನ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನಾರ್ವೆ, ಜರ್ಮನಿಗಳಂಥ ಪರಸ್ಪರ ಭಿನ್ನವಾದ ಸಮಾಜಗಳಲ್ಲಿ ನೆಲೆಸಿದರು. ಆಯಾ ದೇಶಗಳ ಮನೋವೈದ್ಯರು ಅವರಲ್ಲಿ ಕೆಲವು ಗುಂಪುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದರು. ಆದ್ದರಿಂದ ವಲಸೆಗೂ ಮಾನಸಿಕ ಆರೋಗ್ಯಕ್ಕೂ ಇರುವ ನಂಟನ್ನು ಊಹೆಯಿಂದಲ್ಲದೆ ಆಧಾರದಿಂದ ವಿಚಾರ ಮಾಡಲು ಇದು ತಕ್ಕ ಉದಾಹರಣೆ. ಮುಂದಿನ ಸಂವಾದ ನಡೆಯುವುದು ಮನಃಶಾಸ್ತ್ರದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಮತ್ತು ಆತನ ಪ್ರಾಧ್ಯಾಪಕಿಯ ನಡುವೆ.

ವಿದ್ಯಾರ್ಥಿ: ಯುದ್ಧವನ್ನು ಕಂಡವರು, ಸಮುದ್ರದಲ್ಲಿ ಬಂಧುಗಳನ್ನು ಕಳೆದುಕೊಂಡವರು ಖಿನ್ನರಾಗುವುದು ಸಹಜವೆಂದು ಯಾರಿಗಾದರೂ ತೋಚುತ್ತದೆ. ಕಾರಣ ಇಷ್ಟು ಸ್ಪಷ್ಟವಾಗಿರುವಾಗ ‘ವಲಸೆಯ ಒತ್ತಡ’ ಎಂಬ ಮತ್ತೊಂದು ಹೆಸರಿನ ಅಗತ್ಯವೇನು, ಮೇಡಂ?

ಪ್ರಾಧ್ಯಾಪಕಿ: ಕಾರಣ ಸ್ಪಷ್ಟವೆಂದು ತೋರುವುದೇ ಇಲ್ಲಿನ ತೊಡಕು. ಮೊದಲು ಮೂರು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಕನಿಷ್ಠ ಎರಡು ವಾರ ಬಿಡದೆ ಕಾಡುವ ದುಃಖ ಅಥವಾ ನಿರಾಸಕ್ತಿ, ಅದರೊಂದಿಗೆ ನಿದ್ರೆ, ಹಸಿವು, ಏಕಾಗ್ರತೆ, ದುಡಿಯುವ ಶಕ್ತಿಗಳು ಕುಂದುವುದು, ಇವೆಲ್ಲ ಕೂಡಿ ಬದುಕು ಕುಂಟತೊಡಗಿದರೆ ಅದನ್ನು ವೈದ್ಯಶಾಸ್ತ್ರ ಖಿನ್ನತೆ ಎನ್ನುತ್ತದೆ. ಪ್ರಾಣಕ್ಕೆ ಎರವಾಗಬಹುದಾಗಿದ್ದ ಘಟನೆಯೊಂದು ದುಃಸ್ವಪ್ನವಾಗಿ, ಹಗಲಿನ ನೆನಪಾಗಿ ಮರುಕಳಿಸುತ್ತ ಮನಸ್ಸನ್ನು ಸದಾ ಎಚ್ಚರದ ತುದಿಯಲ್ಲಿ ನಿಲ್ಲಿಸುವುದು ಆಘಾತೋತ್ತರ ಒತ್ತಡ. ವಲಸೆಯ ಒತ್ತಡವೆಂಬುದು ಇವೆರಡರಂತೆ ರೋಗದ ಹೆಸರಲ್ಲ. ಒಂದು ಸಂಸ್ಕೃತಿಯಲ್ಲಿ ಬೆಳೆದ ವ್ಯಕ್ತಿ ಇನ್ನೊಂದರೊಳಗೆ ಭಾಷೆ, ಉದ್ಯೋಗ, ಮರ್ಯಾದೆ, ಬಂಧುತ್ವಗಳನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾದಾಗ ಉಂಟಾಗುವ ಭಾರಕ್ಕೆ ಇಟ್ಟ ಹೆಸರು. ಕೆನಡಾದ ಮನಃಶಾಸ್ತ್ರಜ್ಞ ಜಾನ್ ಬೆರ್ರಿ ಈ ಹೊಂದಾಣಿಕೆಯಲ್ಲಿ ನಾಲ್ಕು ದಾರಿಗಳನ್ನು ಗುರುತಿಸಿದರು: ಹಳೆಯದನ್ನೂ ಹೊಸದನ್ನೂ ಉಳಿಸಿಕೊಳ್ಳುವ ಸಮನ್ವಯ, ಹಳೆಯದನ್ನು ಬಿಟ್ಟುಕೊಡುವ ವಿಲೀನ, ಹೊಸದರಿಂದ ದೂರ ಸರಿಯುವ ಪ್ರತ್ಯೇಕತೆ, ಎರಡೂ ಕೈತಪ್ಪಿ ಅಂಚಿಗೆ ಬೀಳುವ ಸ್ಥಿತಿ. ಯುದ್ಧದ ಗಾಯವೆಲ್ಲ ದೋಣಿಯಲ್ಲೇ ಬಂದಿತ್ತೆಂದು ಒಪ್ಪಿದರೂ ಈ ನಾಲ್ಕರಲ್ಲಿ ಯಾವ ದಾರಿ ತೆರೆದಿತ್ತು, ಯಾವುದು ಮುಚ್ಚಿತ್ತು ಎಂಬುದು ದಡದಲ್ಲಿ ತೀರ್ಮಾನವಾಗುವ ಸಂಗತಿ.

ವಿದ್ಯಾರ್ಥಿ: ದೋಣಿ ಎಂದಿರಿ; ವಿಯೆಟ್ನಾಮಿನಿಂದ ಹೊರಟವರೆಲ್ಲ ದೋಣಿಯಲ್ಲೇ ಬಂದವರೆಂಬ ಕಲ್ಪನೆ ತಪ್ಪೇ?

ಪ್ರಾಧ್ಯಾಪಕಿ: ಅರ್ಧ ತಪ್ಪು. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಪತನವಾದ ಸಮಯದಲ್ಲಿ ಅಮೆರಿಕಕ್ಕೆ ಹೋದ ಸುಮಾರು 1,25,000 ಜನರಲ್ಲಿ ಅಧಿಕಾರಿಗಳು, ಸೇನೆಯವರು, ಇಂಗ್ಲಿಷ್ ಬಲ್ಲ ನಗರವಾಸಿಗಳು ಹೆಚ್ಚು; ಅವರನ್ನು ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್‌ಟನ್, ಆರ್ಕನ್ಸಾದ ಫೋರ್ಟ್ ಚಾಫೀ ಮೊದಲಾದ ನಾಲ್ಕು ಸೇನಾ ಶಿಬಿರಗಳಲ್ಲಿ ಇರಿಸಿ, ಪ್ರಾಯೋಜಕರು ಸಿಕ್ಕಂತೆ ದೇಶದ ಮೂಲೆಮೂಲೆಗೆ ಹಂಚಲಾಯಿತು. ಒಂದೇ ಊರಿನ ಮೇಲೆ ಹೊರೆ ಬೀಳಬಾರದೆಂಬುದು ಸರ್ಕಾರದ ಲೆಕ್ಕ. ಆದರೆ ಹಿಮ ಬೀಳುವ ಅಪರಿಚಿತ ಪಟ್ಟಣದಲ್ಲಿ ಒಂಟಿಯಾಗಿ ಉಳಿದ ಕುಟುಂಬಗಳು ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿ ಆರೆಂಜ್ ಕೌಂಟಿ, ಸ್ಯಾನ್ ಹೋಸೆ, ಹ್ಯೂಸ್ಟನ್‌ಗಳತ್ತ ಎರಡನೆಯ ಸಲ ವಲಸೆ ಹೋದವು. ದೋಣಿಯ ಜನರೆಂದು ಪ್ರಸಿದ್ಧರಾದವರು ಬಂದದ್ದು ಅದರ ನಂತರ. 1978–79ರಲ್ಲಿ ಈ ಅಲೆ ಏರಿದಾಗ ಮಲೇಷ್ಯಾದ ಪುಲಾವ್ ಬಿಡಾಂಗ್ ಎಂಬ ಸುಮಾರು ಒಂದು ಚದರ ಕಿಲೋಮೀಟರಿನ ದ್ವೀಪದಲ್ಲಿ 40,000ದಷ್ಟು ಜನ ತುಂಬಿದ್ದರು. ದಾರಿಯಲ್ಲಿ ಕಡಲ್ಗಳ್ಳರಿಗೆ, ಬಿರುಗಾಳಿಗೆ, ಬಾಯಾರಿಕೆಗೆ ಬಲಿಯಾದವರ ಲೆಕ್ಕ ಎಂದೂ ಪೂರ್ತಿಯಾಗಿ ಸಿಗಲಿಲ್ಲ. ಮೂರನೆಯವರು ವಿಮಾನದಲ್ಲಿ ಬಂದರು: 1979ರಲ್ಲಿ ಆರಂಭವಾದ ಕ್ರಮಬದ್ಧ ನಿರ್ಗಮನ ಯೋಜನೆಯಡಿ ಮಕ್ಕಳನ್ನು ಸೇರಿಕೊಂಡ ವೃದ್ಧರು, ಅಮೆರಿಕದ ಸೈನಿಕರಿಗೆ ಹುಟ್ಟಿದ ಮಕ್ಕಳು, ‘ಪುನರ್‌ಶಿಕ್ಷಣ’ ಎಂಬ ಹೆಸರಿನ ಸೆರೆಶಿಬಿರಗಳಲ್ಲಿ ಮೂರು ವರ್ಷಕ್ಕೂ ಮಿಗಿಲಾಗಿ ಕೊಳೆತು 1990ರ ಬಳಿಕ ದೇಶದಿಂದ ಹೊರಬಂದ ಹಳೆಯ ಅಧಿಕಾರಿಗಳು. ಈ ಮೂರು ಅಲೆಗಳವರ ದುಃಖವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ.

ವಿದ್ಯಾರ್ಥಿ: ತೂಗುವ ಮಾತು ಬಂದದ್ದರಿಂದ ಕೇಳಬೇಕಾಗಿದೆ. ಪಶ್ಚಿಮದ ವೈದ್ಯರು ತಮ್ಮಲ್ಲಿದ್ದ ಪ್ರಶ್ನಾವಳಿಯನ್ನು ಅನುವಾದಿಸಿ ಬಳಸಿದ್ದರೆ ಸಾಕಾಗುತ್ತಿರಲಿಲ್ಲವೇ?

ಪ್ರಾಧ್ಯಾಪಕಿ: ಅನುವಾದದಿಂದ ಕೆಲಸ ನಡೆಯದೆಂಬುದು ಬೇಗ ತಿಳಿಯಿತು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಡೇವಿಡ್ ಕಿನ್ಝಿ ಎಂಬ ಮನೋವೈದ್ಯರು ವಿಯೆಟ್ನಾಮಿ ಸಹೋದ್ಯೋಗಿಗಳೊಡನೆ ಸೇರಿ 1982ರಲ್ಲಿ ವಿಯೆಟ್ನಾಮಿ ಭಾಷೆಯದೇ ಆದ ಖಿನ್ನತೆಯ ಮಾಪನಿಯನ್ನು ಪ್ರಕಟಿಸಿದರು. ಮಾಪನಿ ಎಂದರೆ ರೋಗಲಕ್ಷಣಗಳನ್ನು ಪ್ರಶ್ನೆಗಳಾಗಿ ಜೋಡಿಸಿ, ಉತ್ತರಗಳಿಗೆ ಅಂಕ ಕೊಟ್ಟು, ಯಾರಿಗೆ ಹೆಚ್ಚಿನ ಪರೀಕ್ಷೆ ಬೇಕೆಂದು ಜರಡಿ ಹಿಡಿಯುವ ಸಾಧನ. ಅದರ 15 ಅಂಶಗಳಲ್ಲಿ ಕೆಲವು ದೇಹಕ್ಕೆ, ಕೆಲವು ಮನಸ್ಸಿಗೆ ಸಂಬಂಧಿಸಿದವು. ಇನ್ನು ಕೆಲವು ಪಶ್ಚಿಮದ ಖಿನ್ನತೆಯ ಪಟ್ಟಿಯಲ್ಲಿ ಜಾಗವೇ ಇಲ್ಲದಂಥವು, ಉದಾಹರಣೆಗೆ ನಾಚಿಕೆಗೀಡಾಗಿ ಮಾನ ಕಳೆದುಕೊಂಡೆನೆಂಬ ಭಾವ. ಇದರ ಹಿಂದಿರುವ ತರ್ಕ ಸರಳವಾದದ್ದು. ವಿಯೆಟ್ನಾಮಿಯಲ್ಲಿ ದುಃಖಕ್ಕೆ ‘ಬುವನ್’ ಎಂಬ ನಿತ್ಯಬಳಕೆಯ ಪದವಿದೆ, ಅದು ಮಳೆಗಾಲದ ಸಂಜೆಗೂ ಸಲ್ಲುತ್ತದೆ, ಸಾವಿಗೂ ಸಲ್ಲುತ್ತದೆ. ಖಿನ್ನತೆಗೆ ವೈದ್ಯರು ಬಳಸುವ ‘ತ್ರಮ್ ಕಾಮ್’ ಎಂಬುದು ಮುಳುಗಿದ ಭಾವ ಎಂಬರ್ಥದ ಸಂಯುಕ್ತ ಪದ, ಹಳ್ಳಿಯ ಮುದುಕಿಗೆ ಅದು ಪುಸ್ತಕದ ಮಾತು. ಮೊದಲನೆಯ ಪದ ಬಳಸಿ ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಎರಡನೆಯದನ್ನು ಬಳಸಿದರೆ ಯಾರೂ ಹೌದೆನ್ನುವುದಿಲ್ಲ. ಇವೆರಡರ ನಡುವೆ ಜನ ನಿಜವಾಗಿ ಆಡುವ ಮಾತುಗಳನ್ನು ಹುಡುಕುವುದೇ ಆ ಮಾಪನಿಯ ಶ್ರಮವಾಗಿತ್ತು.

ವಿದ್ಯಾರ್ಥಿ: ಏಷ್ಯಾದವರು ಮನಸ್ಸಿನ ನೋವನ್ನು ದೇಹದ ನೋವಾಗಿ ಹೇಳುತ್ತಾರೆ, ಭಾವನೆಯನ್ನು ಗುರುತಿಸುವ ಅಭ್ಯಾಸ ಅವರಿಗೆ ಕಡಿಮೆ ಎಂದು ಪಠ್ಯಗಳು ಹೇಳುತ್ತವೆ. ತಾವು ವಿವರಿಸುತ್ತಿರುವುದು ಅದನ್ನೇ ಅಲ್ಲವೇ?

ಪ್ರಾಧ್ಯಾಪಕಿ: ಆ ವಾಕ್ಯದ ಮೊದಲರ್ಧ ಅನುಭವದಿಂದ ಬಂದದ್ದು, ಎರಡನೆಯ ಅರ್ಧ ಪೂರ್ವಗ್ರಹದಿಂದ ಬಂದದ್ದು. ಮನೋಯಾತನೆ ತಲೆನೋವು, ಎದೆಭಾರ, ನಿದ್ರಾಹೀನತೆಗಳಾಗಿ ಹೊರಬರುವುದನ್ನು ದೈಹಿಕೀಕರಣ ಎನ್ನುತ್ತಾರೆ. ಆದರೆ ಹಾಗೆ ಹೇಳುವವನಿಗೆ ದುಃಖ ಗೊತ್ತಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಈ ವಿಷಯದಲ್ಲಿ ಕನ್ನಡನಾಡಿನದೇ ಒಂದು ಸಾಕ್ಷ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಘುರಾಮ್, ಚನ್ನಬಸವಣ್ಣ ಮತ್ತು ಅವರ ವಿದೇಶಿ ಸಹೋದ್ಯೋಗಿಗಳು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯ ಲಕ್ಷಣಗಳು ಹೆಚ್ಚಿದಷ್ಟೂ ರೋಗಿಗೆ ಸಮಾಜದ ಕಳಂಕದ ಭಯ ಹೆಚ್ಚಾಗಿತ್ತು, ದೇಹದ ಲಕ್ಷಣಗಳು ಮುಂದಾದಲ್ಲಿ ಆ ಭಯ ಕಡಿಮೆಯಾಗಿತ್ತು. ಅಂದರೆ ಮೈನೋವಿನ ಮಾತು ಭಾವದ ಬಡತನವಲ್ಲ, ಮರ್ಯಾದೆಯನ್ನು ಕಾಪಾಡಿಕೊಂಡು ವೈದ್ಯರ ಬಾಗಿಲು ತಟ್ಟುವ ವಿವೇಕ. ವಿಯೆಟ್ನಾಮಿಯಲ್ಲಿ ಮನೋರೋಗವೆಂದೊಡನೆ ನೆನಪಾಗುವುದು ‘ದಿಯೆನ್’, ಅಂದರೆ ಹುಚ್ಚು. ಆ ಹೆಸರು ಒಬ್ಬನಿಗೆ ಅಂಟಿದರೆ ಮಗಳ ಮದುವೆಯವರೆಗೂ ಅದರ ನೆರಳು ಚಾಚುತ್ತದೆಂಬ ಅಂಜಿಕೆಯನ್ನು ಕರ್ನಾಟಕದ ಯಾವ ಮನೆಯೂ ಬಿಡಿಸಿ ಹೇಳಿಸಿಕೊಳ್ಳಬೇಕಾಗಿಲ್ಲ. ವಿಶ್ವಾಸ ಮೂಡಿದ ಮೇಲೆ ಸರಿಯಾದ ಪದದಲ್ಲಿ ಕೇಳಿದರೆ ಅದೇ ರೋಗಿ ದುಃಖವನ್ನೂ ಹೇಳುತ್ತಾನೆ.

ವಿದ್ಯಾರ್ಥಿ: ಹಾಗಿದ್ದರೆ ದೇಹದ ಮಾತನ್ನು ಬರಿಯ ಮುಸುಕೆಂದು ತೆಗೆದುಹಾಕಬಹುದೇ?

ಪ್ರಾಧ್ಯಾಪಕಿ: ಹಾಗೆ ಮಾಡಿದರೆ ಇನ್ನೊಂದು ತಪ್ಪಾಗುತ್ತದೆ. ಕೆಟ್ಟ ಗಾಳಿ ಮೈಯ ರಂಧ್ರಗಳಿಂದ ಒಳಹೊಕ್ಕು ತಲೆಸುತ್ತು, ನಡುಕ, ನೋವುಗಳನ್ನು ತರುತ್ತದೆಂಬುದು ವಿಯೆಟ್ನಾಮಿನ ಬಲವಾದ ನಂಬಿಕೆ. ಕನ್ನಡದ ಹಳ್ಳಿಗಳಲ್ಲಿ ‘ಗಾಳಿ’ ಎಂದರೆ ದೆವ್ವದ ಸೋಂಕು, ಅಲ್ಲಿ ಅದು ನಿಜವಾಗಿ ಬೀಸುವ ಗಾಳಿಯೇ. ಅದನ್ನು ಹೊರಹಾಕಲು ಬೆನ್ನಿಗೆ ಎಣ್ಣೆ ಹಚ್ಚಿ ನಾಣ್ಯದ ಅಂಚಿನಿಂದ ಕೆಂಪು ಗೆರೆ ಮೂಡುವಂತೆ ಉಜ್ಜುವ ‘ಕಾವ್ ಯೋ’ ಎಂಬ ಮನೆಮದ್ದಿದೆ. ಮಕ್ಕಳ ಬೆನ್ನಿನ ಈ ಗೆರೆಗಳನ್ನು ಕಂಡ ಅಮೆರಿಕದ ವೈದ್ಯರು ಪೋಷಕರ ಮೇಲೆ ಹಿಂಸೆಯ ಅನುಮಾನಪಟ್ಟ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಆರೈಕೆಯೇ ಅಪರಾಧವಾಗಿ ಕಂಡ ಈ ಗಳಿಗೆಗಿಂತ ವಲಸೆಯ ಒತ್ತಡಕ್ಕೆ ಬೇರೆ ವ್ಯಾಖ್ಯೆ ಬೇಕಿಲ್ಲ. ಔಷಧದ ಬಗೆಗೂ ಹೀಗೆಯೇ. ಪಶ್ಚಿಮದ ಗುಳಿಗೆ ಉಷ್ಣ, ತೀಕ್ಷ್ಣ, ನೋವು ತಗ್ಗಿದೊಡನೆ ನಿಲ್ಲಿಸಬೇಕಾದದ್ದು ಎಂದು ತಿಳಿದವರಿಗೆ, ವಾರಗಟ್ಟಲೆ ನುಂಗಿದ ಮೇಲಷ್ಟೇ ಗುಣ ತೋರುವ ಖಿನ್ನತೆಯ ಮಾತ್ರೆ ಅರ್ಥವಾಗುವುದು ಕಷ್ಟ. ಕಿನ್ಝಿ ಮತ್ತು ಅವರ ತಂಡ ಆಗ್ನೇಯ ಏಷ್ಯಾದ 41 ಖಿನ್ನ ರೋಗಿಗಳ ರಕ್ತವನ್ನು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ ವರದಿಯಂತೆ, ಶೇ. 61ರಷ್ಟು ಮಂದಿಯ ರಕ್ತದಲ್ಲಿ ಬರೆದುಕೊಟ್ಟ ಔಷಧದ ಅಂಶವೇ ಪತ್ತೆಯಾಗಲಿಲ್ಲ. ಅವರು ವೈದ್ಯರಿಗೆ ಎದುರಾಡದೆ, ಹಿರಿಯರೆದುರು ‘ಆಗದು’ ಎನ್ನುವುದು ಅಸಭ್ಯವೆಂದು ತಲೆಯಾಡಿಸಿ ಮನೆಗೆ ಹೋಗಿದ್ದರೆಂದು ಊಹಿಸಬಹುದು. ಔಷಧದ ವಿಚಾರವನ್ನು ಬಿಡಿಸಿ ಹೇಳಿದ ನಂತರ ವಿಯೆಟ್ನಾಮಿ ರೋಗಿಗಳಲ್ಲಿ ಔಷಧ ಸೇವಿಸುವವರ ಪ್ರಮಾಣ ಸುಧಾರಿಸಿತು.

ವಿದ್ಯಾರ್ಥಿ: ಇಷ್ಟೆಲ್ಲ ಇದ್ದರೂ ಕಾಲವೇ ಗಾಯ ಮಾಯಿಸುತ್ತದೆಂಬ ಮಾತಿದೆ. ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲವೇ?

ಪ್ರಾಧ್ಯಾಪಕಿ: ಸಮರ್ಥಿಸುತ್ತವೆ, ಷರತ್ತುಗಳೊಡನೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1,161 ವಿಯೆಟ್ನಾಮಿ ವಯಸ್ಕರನ್ನು ಸಂದರ್ಶಿಸಿ ಝಾಕರಿ ಸ್ಟೀಲ್, ಡೆರಿಕ್ ಸಿಲೋವ್ ಮೊದಲಾದವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಹುಪಾಲು ಜನ ಮನೋರೋಗದಿಂದ ಮುಕ್ತರಾಗಿದ್ದರು ಮತ್ತು ವರ್ಷಗಳು ಕಳೆದಂತೆ ಅಪಾಯ ಇಳಿಯುತ್ತ ಬಂದಿತ್ತು. ಆದರೆ ಮೂರಕ್ಕಿಂತ ಹೆಚ್ಚು ಬಗೆಯ ಆಘಾತಗಳನ್ನು ಕಂಡವರಲ್ಲಿ ಹತ್ತು ವರ್ಷಗಳ ಮೇಲೂ ಆ ಅಪಾಯ ಹೆಚ್ಚೇ ಇತ್ತು. ನಾರ್ವೆಯಲ್ಲಿ ಹೌಫ್ ಮತ್ತು ವಾಗ್ಲುಮ್ 145 ಮಂದಿ ದೋಣಿ ನಿರಾಶ್ರಿತರನ್ನು ಹಿಂಬಾಲಿಸಿದಾಗ, ಮೊದಲ ಮೂರು ವರ್ಷಗಳಲ್ಲಿ ಅವರು ಹೇಳಿಕೊಂಡ ಯಾತನೆ ನಿರೀಕ್ಷೆಗೆ ವಿರುದ್ಧವಾಗಿ ತಗ್ಗಲೇ ಇಲ್ಲ. ಯಾತನೆ ಯಾರಲ್ಲಿ ಉಳಿಯುತ್ತದೆಂದು ಮುಂಗಾಣಿಸಿದ ಸಂಗತಿಗಳಲ್ಲಿ ವಿಯೆಟ್ನಾಮಿನಲ್ಲಿ ಪಟ್ಟ ತೀವ್ರ ಆಘಾತವೂ ಇತ್ತು. ಅದರ ಜೊತೆಗೆ ನಾರ್ವೆಯಲ್ಲಿ ಎದುರಾದ ಕೆಟ್ಟ ಘಟನೆಗಳು, ಮನಸ್ಸು ಬಿಚ್ಚಲು ಆಪ್ತರೊಬ್ಬರೂ ಇಲ್ಲದಿರುವುದು, ಮುಗಿಯದ ಕುಟುಂಬ ವಿಯೋಗ ಇವೂ ಇದ್ದವು. ಈ ಪಟ್ಟಿಯಲ್ಲಿ ಒಂದು ಮಾತ್ರ ಸಮುದ್ರದಾಚೆಯದು, ಉಳಿದವು ಈಚೆಯವು.

ವಿದ್ಯಾರ್ಥಿ: ಈಚೆಯವೆಂದರೆ ಬದಲಿಸಬಹುದಾದವು ಎಂದರ್ಥವೇ?

ಪ್ರಾಧ್ಯಾಪಕಿ: ಅದೇ ಈ ವಿಚಾರದ ತಿರುಳು. ಕಳೆದುಹೋದ ಯುದ್ಧವನ್ನು ಯಾವ ಸರ್ಕಾರವೂ ಬದಲಿಸಲಾರದು. ಉದ್ಯೋಗ, ಭಾಷೆ, ಕುಟುಂಬ ಸೇರ್ಪಡೆ ಇವು ಆತಿಥೇಯ ದೇಶದ ಕೈಯಲ್ಲಿರುವಂಥವು. ಕೆನಡಾ 1979–80ರಲ್ಲಿ 60,000 ಮಂದಿಯನ್ನು ಬರಮಾಡಿಕೊಂಡಾಗ, ಅವರಲ್ಲಿ ಹಲವರ ಹೊಣೆಯನ್ನು ಚರ್ಚುಗಳೂ ನೆರೆಹೊರೆಯ ಸಾಮಾನ್ಯ ಜನರ ಗುಂಪುಗಳೂ ಹೊತ್ತವು. ಮಾರ್ಟನ್ ಬೈಸರ್ ಎಂಬ ಮನೋವೈದ್ಯರು ಆಗ್ನೇಯ ಏಷ್ಯಾದ ಈ ನಿರಾಶ್ರಿತರನ್ನು ಹತ್ತು ವರ್ಷ ಹಿಂಬಾಲಿಸಿದರು. ಆರಂಭದ ವರ್ಷಗಳಲ್ಲಿ ಹಲವರು ಹಿಂದಿನದನ್ನು ನೆನೆಯದೆ ಇಂದಿನ ಕೆಲಸದಲ್ಲಿ ಮುಳುಗಿದ್ದರು, ಗತವನ್ನು ಹಂಬಲಿಸುತ್ತ ಕುಳಿತವರಲ್ಲಿ ಖಿನ್ನತೆ ಹೆಚ್ಚಿತ್ತು. ಮರೆವು ಆಗ ಒಂದು ಊರುಗೋಲಾಗಿತ್ತು. ನಿರುದ್ಯೋಗ ಖಿನ್ನತೆಯ ದೊಡ್ಡ ಕಾರಣವಾಗಿ ಕಂಡಿತು. ಆದರೆ ಭಾಷೆಯ ವಿಷಯದಲ್ಲಿ ದೊರೆತ ಫಲ ವಿಚಿತ್ರವಾದದ್ದು. ಬಂದ ಹೊಸತರಲ್ಲಿ ಇಂಗ್ಲಿಷ್ ಬಲ್ಲವರಿಗೂ ಬಾರದವರಿಗೂ ಖಿನ್ನತೆಯಲ್ಲಿ ಅಂತರ ಕಾಣಲಿಲ್ಲ. ಹತ್ತನೆಯ ವರ್ಷದ ಹೊತ್ತಿಗೆ ಅಂತರ ಎದ್ದುಕಂಡಿತು, ವಿಶೇಷವಾಗಿ ಹೆಂಗಸರಲ್ಲಿ ಮತ್ತು ಆರಂಭದಲ್ಲಿ ದುಡಿಮೆಗೆ ಸೇರದೆ ಉಳಿದವರಲ್ಲಿ.

ವಿದ್ಯಾರ್ಥಿ: ಹೊಸತರಲ್ಲಿ ಕಾಡದ ಕೊರತೆ ಹತ್ತು ವರ್ಷದ ಮೇಲೆ ಕಾಡುವುದು ಹೇಗೆ?

ಪ್ರಾಧ್ಯಾಪಕಿ: ಹೊಸತರಲ್ಲಿ ಎಲ್ಲರೂ ಮೂಕರೇ, ಆದ್ದರಿಂದ ಮೌನ ಯಾರೊಬ್ಬರ ಸೋಲೂ ಅಲ್ಲ. ಹತ್ತು ವರ್ಷವಾದಾಗ ಗಂಡ ಕಾರ್ಖಾನೆಯ ಭಾಷೆ ಕಲಿತಿರುತ್ತಾನೆ, ಮಕ್ಕಳು ಶಾಲೆಯ ಭಾಷೆಯಲ್ಲೇ ಕನಸು ಕಾಣುತ್ತಾರೆ, ಮನೆಯಲ್ಲಿ ಉಳಿದ ತಾಯಿಗೆ ಮಾತ್ರ ಸುತ್ತಲಿನ ಜಗತ್ತು ಮುಚ್ಚಿಯೇ ಇರುತ್ತದೆ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಹನ್ನೆರಡರ ಮಗು ದುಭಾಷಿಯಾದಾಗ ಹಿರಿತನವೆಂಬುದು ಸದ್ದಿಲ್ಲದೆ ಕೈಬದಲಾಗುತ್ತದೆ. ಹೆತ್ತವರ ಋಣವನ್ನೇ ನೀತಿಯ ಬುನಾದಿಯೆಂದು ತಿಳಿದ ಸಂಸ್ಕೃತಿಯಲ್ಲಿ ತಾಯಿ ತನ್ನ ಗರ್ಭಕೋಶದ ತೊಂದರೆಯನ್ನು ಮಗನ ಬಾಯಿಂದ ವೈದ್ಯರಿಗೆ ಹೇಳಿಸಬೇಕಾಗುವುದು ಸಾಮಾನ್ಯ ಮುಜುಗರವಲ್ಲ, ಕ್ರಮವೇ ತಲೆಕೆಳಗಾದ ಅವಮಾನ. ದುಡಿಯುವವರಿಗೂ ಬೇರೊಂದು ಬಲೆಯಿದೆ. ಅಮೆರಿಕದಲ್ಲಿ ಉಗುರು ಅಲಂಕಾರದ ಅಂಗಡಿಗಳು ವಿಯೆಟ್ನಾಮಿಗಳ ಪ್ರಮುಖ ವೃತ್ತಿಯಾಗಿ ಬೆಳೆದದ್ದಕ್ಕೆ ಒಂದು ಕಾರಣ, ಅಲ್ಪ ಇಂಗ್ಲಿಷಿನಿಂದಲೇ ಅಲ್ಲಿ ಸಂಪಾದನೆ ಸಾಧ್ಯವೆಂಬುದು; ಬೇಗ ಅನ್ನ ಕೊಟ್ಟ ಆ ವೃತ್ತಿಯೇ ವಾರದ ಆರೇಳು ದಿನಗಳನ್ನು ನುಂಗಿ ಭಾಷೆ ಕಲಿಯುವ ಬಿಡುವನ್ನೂ ನುಂಗುತ್ತದೆ. ಹೀಗೆ ಗಳಿಸಿದ್ದರಲ್ಲಿ ಒಂದು ಪಾಲು ಊರಿಗೆ ಹೋಗಬೇಕು. ಹಣ ಕಳಿಸುವವರಿಗೆ ತಾವು ಸೋತಿದ್ದೇವೆಂದು ಹೇಳುವ ಅವಕಾಶವಿಲ್ಲ.

ವಿದ್ಯಾರ್ಥಿ: ಯುದ್ಧದಿಂದ ಓಡಿಬಾರದ ವಿಯೆಟ್ನಾಮಿಗಳಲ್ಲೂ ಇದೇ ಕಂಡುಬಂದರೆ ಈ ವಾದ ಇನ್ನಷ್ಟು ಗಟ್ಟಿಯಾಗುತ್ತದೆ.

ಪ್ರಾಧ್ಯಾಪಕಿ: ಅಂಥ ನಿದರ್ಶನ ಬರ್ಲಿನ್. ಪಶ್ಚಿಮ ಜರ್ಮನಿಗೆ ಬಂದವರು ದೋಣಿಯ ಜನ, ಕಾಪ್ ಅನಾಮೂರ್ ಎಂಬ ಹಡಗು ಸಮುದ್ರದಿಂದ ಎತ್ತಿ ತಂದವರೂ ಅವರಲ್ಲಿದ್ದರು. ಪೂರ್ವ ಜರ್ಮನಿಗೆ ಬಂದವರು 1980ರ ಒಪ್ಪಂದದಡಿ ಸಮಾಜವಾದಿ ಮಿತ್ರರಾಷ್ಟ್ರದಿಂದ ಕರೆತರಲಾದ ಗುತ್ತಿಗೆ ಕಾರ್ಮಿಕರು. 1989ರ ವೇಳೆಗೆ ಅವರ ಸಂಖ್ಯೆ ಸುಮಾರು 60,000. ಅವರು ವಾಸಿಸಿದ್ದು ಕಾವಲಿದ್ದ ವಸತಿಗೃಹಗಳಲ್ಲಿ, ಕಲಿತ ಭಾಷೆ ಯಂತ್ರದ ಮುಂದೆ ನಿಲ್ಲಲು ಸಾಲುವಷ್ಟು, ಹೆಣ್ಣೊಬ್ಬಳು ಗರ್ಭಿಣಿಯಾದರೆ ಗರ್ಭ ತೆಗೆಸಬೇಕಿತ್ತು ಇಲ್ಲವೇ ದೇಶಕ್ಕೆ ಮರಳಬೇಕಿತ್ತು. ಬರ್ಲಿನ್ ಗೋಡೆ ಬಿದ್ದು ಎರಡು ಜರ್ಮನಿಗಳು ಒಂದಾದಾಗ ಕಾರ್ಖಾನೆಗಳು ಮುಚ್ಚಿದವು, ಕೆಲಸದೊಂದಿಗೆ ವಸತಿಯೂ ವಾಸದ ಹಕ್ಕೂ ಅಲುಗಾಡಿದವು. 1992ರ ಆಗಸ್ಟಿನಲ್ಲಿ ರೋಸ್ಟಾಕ್ ನಗರದ ಲಿಖ್ಟನ್‌ಹಾಗನ್‌ನಲ್ಲಿ ಉದ್ರಿಕ್ತ ಗುಂಪು ವಿಯೆಟ್ನಾಮಿಗಳು ವಾಸವಿದ್ದ ಕಟ್ಟಡಕ್ಕೆ ಬೆಂಕಿಯಿಟ್ಟಾಗ ನೋಡುತ್ತ ನಿಂತವರು ಚಪ್ಪಾಳೆ ತಟ್ಟಿದರು. ಇವರ ಆಘಾತ ಸೈಗಾನಿನದೂ ಅಲ್ಲ, ಸಮುದ್ರದ್ದೂ ಅಲ್ಲ. ಅದು ತಲುಪಿದ ನೆಲದಲ್ಲೇ ಹುಟ್ಟಿದ್ದು. 2010ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆ ವಿಯೆಟ್ನಾಮಿ ಭಾಷೆಯಲ್ಲೇ ಮಾತನಾಡಿಸುವ ಮನೋವೈದ್ಯಕೀಯ ಹೊರರೋಗಿ ವಿಭಾಗವನ್ನು ತೆರೆದಾಗ, ಒಂದು ಕಾಲಕ್ಕೆ ಪರಸ್ಪರ ಶತ್ರುಪಾಳೆಯಗಳವರಾಗಿದ್ದ ವಿಯೆಟ್ನಾಮಿನ ಉತ್ತರದವರಿಗೂ ದಕ್ಷಿಣದವರಿಗೂ ಒಂದೇ ಬಾಗಿಲು ದೊರೆಯಿತು.

ವಿದ್ಯಾರ್ಥಿ: ಸಮುದಾಯವೇ ಒಟ್ಟಾಗಿ ನೆಲೆಸಿದಲ್ಲಿ, ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರಿನ ಲಿಟ್ಲ್ ಸೈಗಾನಿನಂಥ ಕಡೆಗಳಲ್ಲಿ, ಈ ಒತ್ತಡ ಕಡಿಮೆಯಾಗಬೇಕಲ್ಲವೇ?

ಪ್ರಾಧ್ಯಾಪಕಿ: ಒಂದು ಬಗೆಯ ಒತ್ತಡ ಕಡಿಮೆಯಾಗುತ್ತದೆ. ಬೈಸರರ ಅಧ್ಯಯನದಲ್ಲೂ, ಸ್ವಂತ ಭಾಷೆಯ ದೊಡ್ಡ ಸಮುದಾಯ ಮೊದಲೇ ಇದ್ದ ಚೀನೀ ಮೂಲದ ನಿರಾಶ್ರಿತರಿಗೆ ಅದು ಆಸರೆಯಾಗಿತ್ತು. ಅಂಗಡಿಯ ಫಲಕ, ಪಗೋಡ, ಚರ್ಚು, ತೆತ್ ಎಂಬ ಹೊಸವರ್ಷದ ಹಬ್ಬ ಇವೆಲ್ಲ ಬೆರ್ರಿ ಹೇಳಿದ ಸಮನ್ವಯಕ್ಕೆ ನೆಲೆಯಾಗುತ್ತವೆ. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಕೇರಿಯಲ್ಲಿ ಮನೋವೈದ್ಯರ ಬಾಗಿಲಲ್ಲಿ ನಿಂತದ್ದು ಸಂಜೆಯೊಳಗೆ ಸುದ್ದಿಯಾಗುತ್ತದೆ, ಮತ್ತು ದುಭಾಷಿ ಪರಿಚಿತರ ಸಂಬಂಧಿಯೇ ಆಗಿರುವ ಸಂಭವವಿದೆ. ಸಮುದಾಯ ಒಂಟಿತನಕ್ಕೆ ಮದ್ದು, ಕಳಂಕಕ್ಕೆ ಅಲ್ಲ. ಆದ್ದರಿಂದಲೇ ಫಲಕೊಟ್ಟ ಕೇಂದ್ರಗಳು ಸಾಮಾನ್ಯ ವೈದ್ಯರ ಚಿಕಿತ್ಸಾಲಯದೊಳಗೇ ಮನೋಚಿಕಿತ್ಸೆಯನ್ನು ಇರಿಸಿದವು, ಮೈನೋವಿಗೂ ಮನದ ನೋವಿಗೂ ಒಂದೇ ಚೀಟಿ ಸಾಕಾಗುವಂತೆ. ಸಮುದಾಯದವರನ್ನೇ ತರಬೇತುಗೊಳಿಸಿ ಗೋಪ್ಯತೆಯ ಕಟ್ಟುಪಾಡಿಗೆ ಒಳಪಡಿಸಿದವು. ಮಕ್ಕಳನ್ನು ದುಭಾಷಿಗಳಾಗಿ ಬಳಸುವುದನ್ನು ತಡೆದವು.

ವಿದ್ಯಾರ್ಥಿ: ಮೊದಲ ತಲೆಮಾರು ಕಳೆದಂತೆ ಈ ಸಮಸ್ಯೆಯೂ ಕಳೆಯುತ್ತದೆ ಎಂದು ತಿಳಿಯಬಹುದೇ? ಅವರ ಮೊಮ್ಮಕ್ಕಳಿಗೆ ಇಂಗ್ಲಿಷೇ ಮನೆಮಾತು.

ಪ್ರಾಧ್ಯಾಪಕಿ: ಆ ತಲೆಮಾರು ಇನ್ನೂ ಕಳೆದಿಲ್ಲ, ಮುಪ್ಪಿಗೆ ಬಂದಿದೆ. 1975ರಲ್ಲಿ 30ರ ಪ್ರಾಯದಲ್ಲಿದ್ದವರಿಗೆ 2025ರಲ್ಲಿ 80 ತುಂಬಿತು. ವೃದ್ಧಾಪ್ಯದ ಮರೆವಿನ ರೋಗ ಹಿಡಿದ ದ್ವಿಭಾಷಿಗಳಲ್ಲಿ ಅನೇಕರು ನಡುವಯಸ್ಸಿನಲ್ಲಿ ಕಲಿತ ಭಾಷೆಯನ್ನು ಮೊದಲು ಕಳೆದುಕೊಂಡು ತಾಯಿನುಡಿಗೆ ಮರಳುವುದನ್ನು ವೈದ್ಯರು ಕಂಡಿದ್ದಾರೆ. ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ ದಶಕಗಟ್ಟಲೆ ಇಂಗ್ಲಿಷಿನಲ್ಲೋ ಜರ್ಮನ್ನಿನಲ್ಲೋ ಬಾಳಿದವರು ಹೀಗೆ ವೃದ್ಧಾಶ್ರಮದ ಹಾಸಿಗೆಯಲ್ಲಿ ವಿಯೆಟ್ನಾಮಿಯಲ್ಲಿ ಮಾತ್ರ ಕರೆಯುತ್ತಾರೆ, ಆ ಕರೆ ಪಕ್ಕದಲ್ಲಿ ಕುಳಿತ ಮೊಮ್ಮಗಳಿಗೆ ಅರ್ಥವಾಗುವುದಿಲ್ಲ. 1982ರಲ್ಲಿ 15 ಅಂಶಗಳ ಆ ಮಾಪನಿಯನ್ನು ರಚಿಸಿದವರು ಎದುರಿಸಿದ್ದ ಪ್ರಶ್ನೆ, ಎಂದರೆ ಈ ನೋವನ್ನು ಯಾವ ಪದದಲ್ಲಿ ಕೇಳಬೇಕೆಂಬುದು, ಆ ಹಾಸಿಗೆಯ ಬಳಿ ದಾದಿಯ ಮುಂದೆ ಮತ್ತೆ ಮೊದಲಿನಿಂದ ನಿಲ್ಲುತ್ತದೆ.